ಪ್ರಾಗ್‌ಗೆ ಒಬ್ಬರೇ ಹೊರಟಿದ್ದೀರಾ? ಖರ್ಚು ಹಿಡಿತದಲ್ಲಿಡುವ ಬಗೆ ಹೀಗೆ

ಓದಲೆಂದು ಜರ್ಮನಿಗೆ ಹೋದ ನಮ್ಮ ಹುಡುಗ ಹುಡುಗಿಯರು ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಲ್ಲಿಗಾದರೂ ಹೋಗಿಬರೋಣ ಅಂತ ನಕ್ಷೆ ಬಿಡಿಸುತ್ತಾರೆ. ಪ್ಯಾರಿಸ್ಸಿನ ಹಾಸ್ಟೆಲ್ ದರ ನೋಡಿ ಮತ್ತೆ ಮಡಚಿಡುತ್ತಾರೆ. ಅಂಥವರಿಗೆ ನಾನು ಹೇಳುವುದು ಪ್ರಾಗ್. ಝೆಕ್ ದೇಶದ ಈ ರಾಜಧಾನಿಯಲ್ಲಿ ನೋಡುವುದಕ್ಕೆ ದುಡ್ಡು ಅಷ್ಟೇನೂ ಬೇಡ. ದುಡ್ಡು ಸೋರುವುದು ಮೂರೇ ಕಡೆ: ನೋಟು ಬದಲಾಯಿಸುವ ಕಿಟಕಿ, ಹಳೇ ಊರಿನ (ಓಲ್ಡ್ ಟೌನ್) ಚೌಕದ ತಿಂಡಿ ಗಾಡಿ, ಮುದ್ರೆ ಒತ್ತದ ಟ್ರ್ಯಾಮ್ ಟಿಕೆಟ್. ಈ ಮೂರರಲ್ಲಿ ಎಚ್ಚರವಿದ್ದರೆ ವಿದ್ಯಾರ್ಥಿಯ ಜೇಬಿಗೂ ಈ ಊರು ದಕ್ಕುತ್ತದೆ.

ಹಂತ 1: ಕಾಗದ ಪತ್ರ

ಜರ್ಮನಿಯ ವಾಸದ ಪರ್ಮಿಟ್ ಇದ್ದರೆ ಝೆಕ್ ದೇಶಕ್ಕೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಷೆಂಗೆನ್‌ನ, ಅಂದರೆ ಒಳಗಡಿ ತಪಾಸಣೆ ಬಿಟ್ಟ ಯುರೋಪಿನ ಕೂಟದ, ಇತರ ದೇಶಗಳಲ್ಲಿ ಓಡಾಡಬಹುದು. ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್ ಎರಡೂ ಅಸಲಿಯೇ ಕೈಯಲ್ಲಿರಲಿ. ಗಡಿ ಇಲ್ಲವಲ್ಲ, ಯಾರು ಕೇಳುತ್ತಾರೆ ಅನ್ನಬೇಡಿ. 2023ರ ಅಕ್ಟೋಬರ್‌ನಿಂದ ಜರ್ಮನಿ ತನ್ನ ಝೆಕ್ ಗಡಿಯಲ್ಲಿ ತಪಾಸಣೆ ಶುರುಮಾಡಿತು. ರೈಲು, ಬಸ್ಸಿನೊಳಗೇ ಪೊಲೀಸರು ಹತ್ತಿ ನೋಡುತ್ತಾರೆ. ಮೊಬೈಲಿನಲ್ಲಿರುವ ಫೋಟೊ ಅವರಿಗೆ ಸಾಲದು. ಪರ್ಮಿಟ್ ನವೀಕರಣಕ್ಕೆ ಕೊಟ್ಟಿದ್ದರೆ ವಿದೇಶಿಯರ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ.

ಸರ್ಕಾರಿ ಆರೋಗ್ಯ ವಿಮೆಯವರ ಕಾರ್ಡಿನ ಹಿಂಬದಿಯೇ ಯುರೋಪಿಯನ್ ವಿಮಾ ಕಾರ್ಡು. ಅದನ್ನು ಮರೆಯಬೇಡಿ. ಐಎಸ್‌ಐಸಿ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಾರ್ಡನ್ನೂ ಮಾಡಿಸಿಕೊಳ್ಳಿ. 26 ತುಂಬದ ವಿದ್ಯಾರ್ಥಿಗಳಿಗೆ ಝೆಕ್ ದೇಶದೊಳಗಿನ ರೈಲು, ದೂರದ ಬಸ್ಸುಗಳಲ್ಲಿ ಅರ್ಧ ದರ. ಯಾವ ದೇಶದವರು ಅಂತ ಕೇಳುವುದಿಲ್ಲ. ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಆಮೇಲೆ ಎಂಎಸ್‌ಗೆ ಹೋದವರಿಗೆ ಈ ವಯಸ್ಸಿನ ಗೆರೆ ಸ್ವಲ್ಪ ಹೊಟ್ಟೆಯುರಿಸುತ್ತದೆ, ಏನು ಮಾಡುವುದು.

ಹಂತ 2: ಯಾವಾಗ, ಹೇಗೆ

ಬೇಸಿಗೆ, ಈಸ್ಟರ್, ಕ್ರಿಸ್‌ಮಸ್ ಸಂತೆಯ ದಿನಗಳನ್ನು ಬಿಡಿ. ನವೆಂಬರ್ ಅಥವಾ ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಹಾಸ್ಟೆಲ್ ಹಾಸಿಗೆಯ ಬೆಲೆ ಇಳಿದಿರುತ್ತದೆ. ಚಳಿ ಕಡಿಯುತ್ತದೆ, ನಾಲ್ಕೂವರೆಗೆಲ್ಲ ಕತ್ತಲಾಗಬಹುದು. ಬೆಳಗ್ಗೆ ಬೇಗ ಏಳುವವರಿಗೆ ಇದೇನು ದೊಡ್ಡ ತೊಂದರೆಯಲ್ಲ.

ಬರ್ಲಿನ್‌ನಿಂದ ರೈಲಿನಲ್ಲಿ ನಾಲ್ಕು ಗಂಟೆಯ ಮೇಲಾಗುತ್ತದೆ, ಡ್ರೆಸ್ಡನ್‌ನಿಂದ ಸುಮಾರು ಎರಡೂವರೆ. ಬಸ್ ಇನ್ನೂ ಅಗ್ಗ. ಆದರೂ ಹೋಗುವಾಗಲಾದರೂ ರೈಲು ಹಿಡಿಯಿರಿ ಎಂದೇ ನನ್ನ ಸಲಹೆ. ಡ್ರೆಸ್ಡನ್ ದಾಟಿದ ಮೇಲೆ ಹಳಿ ಎಲ್ಬೆ ನದಿಯ ದಂಡೆಯನ್ನೇ ಹಿಡಿದು ಮರಳುಗಲ್ಲಿನ ಕಡಿದಾದ ಬಂಡೆಗಳ ನಡುವೆ ಸಾಗುತ್ತದೆ. ಪ್ರಾಗ್ ಕಡೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ, ನದಿ ಆ ಬದಿಯಲ್ಲಿದೆ. ಟಿಕೆಟ್ ಕೊಳ್ಳುವ ಮುಂಚೆ ಜರ್ಮನ್ ರೈಲ್ವೆ, ಝೆಕ್ ರೈಲ್ವೆ ಎರಡರ ತಾಣದಲ್ಲೂ ಅದೇ ರೈಲಿನ ದರ ನೋಡಿ. ಒಂದೇ ಸೀಟಿಗೆ ಎರಡು ಬೆಲೆ ಇರುವುದುಂಟು.

ಹಂತ 3: ಮಲಗುವ ಜಾಗ

ಹಳೇ ಊರಿನೊಳಗೆ ಬೇಡ. ಝಿಜ್ಕೋವ್, ವ್ರ್‌ಶೊವಿತ್ಸೆ, ಹೊಲೆಶೊವಿತ್ಸೆ ಬಡಾವಣೆಗಳಲ್ಲಿ ಡಾರ್ಮಿಟರಿ ಹಾಸಿಗೆ ಹುಡುಕಿ. ಟ್ರ್ಯಾಮ್ ಹತ್ತಿದರೆ ಊರ ನಡುವಿಗೆ ಹತ್ತು-ಹದಿನೈದು ನಿಮಿಷ. ಲಾಕರ್ ಇದೆಯೇ, ಅಡುಗೆಮನೆ ಇದೆಯೇ ನೋಡಿ. ಬೀಗವನ್ನು ನೀವೇ ಒಯ್ಯಬೇಕಾಗುತ್ತದೆ. ರಾತ್ರಿಗಿಷ್ಟು ಅಂತ ನಗರದ ಶುಲ್ಕವೊಂದಿದೆ, ಬುಕಿಂಗ್ ಮೊತ್ತದಲ್ಲಿ ಅದು ಸೇರಿದೆಯೋ ಇಲ್ಲವೋ ಮೊದಲೇ ಕೇಳಿ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ಬೇರೆ ಡಾರ್ಮ್ ಇರುವ ಹಾಸ್ಟೆಲ್‌ಗಳಿವೆ. ಪಬ್ ಮೇಲಿನ ಮಹಡಿಯ ಹಾಸ್ಟೆಲ್ ಎಷ್ಟೇ ಅಗ್ಗವಾಗಿರಲಿ, ನಿದ್ದೆ ಬೇಕಾದವರು ಅತ್ತ ಹೋಗಬಾರದು.

ಹಂತ 4: ಕೊರುನಾ ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ಝೆಕ್ ದೇಶ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿಯ ನಾಣ್ಯ ಯೂರೋ ಅಲ್ಲ, ಕೊರುನಾ. ಒಂದು ಯೂರೋಗೆ ಸುಮಾರು 24-25 ಕೊರುನಾ ಎಂದು ತಲೆಯಲ್ಲಿಟ್ಟುಕೊಳ್ಳಿ. ಕೆಲವು ಅಂಗಡಿಗಳು ಯೂರೋ ನೋಟನ್ನೂ ತೆಗೆದುಕೊಳ್ಳುತ್ತವೆ, ಆದರೆ ದರ ಅವರದೇ.

ಮೊದಲ ಉಪಾಯ, ನೋಟು ಬದಲಾಯಿಸಲೇಬೇಡಿ. ಹಾಸ್ಟೆಲ್, ಸೂಪರ್‌ಮಾರ್ಕೆಟ್, ಟ್ರ್ಯಾಮ್, ಹೋಟೆಲ್ ಎಲ್ಲೆಡೆ ಕಾರ್ಡ್ ನಡೆಯುತ್ತದೆ. ಯಂತ್ರ 'ಯೂರೋದಲ್ಲಿ ಕೊಡುತ್ತೀರಾ, ಕೊರುನಾದಲ್ಲೋ' ಎಂದು ಕೇಳಿದರೆ ಯಾವಾಗಲೂ ಕೊರುನಾ ಒತ್ತಿ. ಯೂರೋ ಒತ್ತಿದಿರೋ, ವಿನಿಮಯದ ದರ ನಿಗದಿ ಮಾಡುವುದು ನಿಮ್ಮ ಬ್ಯಾಂಕಲ್ಲ, ಆ ಯಂತ್ರದವರು. ಅಲ್ಲೇ ನೂರಕ್ಕೆ ಹತ್ತು ಕೈಬಿಟ್ಟು ಹೋದರೂ ಆಶ್ಚರ್ಯವಿಲ್ಲ.

ಕೈಯಲ್ಲಿ ಸ್ವಲ್ಪ ನಗದು ಬೇಕೆನಿಸಿದರೆ ಝೆಕ್ ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂ ಬಳಸಿ. ಪ್ರವಾಸಿ ಬೀದಿಗಳಲ್ಲಿ ಹೆಜ್ಜೆಗೊಂದರಂತೆ ನಿಂತಿರುವ, ಯಾವ ಬ್ಯಾಂಕಿಗೂ ಸೇರದ ಎಟಿಎಂಗಳನ್ನು ಬಿಡಿ. ಅಲ್ಲೂ ಪರದೆಯ ಮೇಲೆ ಪರಿವರ್ತನೆಯ ಪ್ರಶ್ನೆ ಬಂದರೆ ಬೇಡ ಎನ್ನಿ.

ವಿನಿಮಯ ಅಂಗಡಿಗೆ ಹೋಗಲೇಬೇಕಾಯಿತೇ? 'ಕಮಿಷನ್ ಇಲ್ಲ' ಎಂಬ ದೊಡ್ಡ ಫಲಕ ನೋಡಿ ಒಳಗೆ ನುಗ್ಗಬೇಡಿ. ನೂರು ಯೂರೋಗೆ ಕೈಗೆ ಎಷ್ಟು ಕೊರುನಾ ಬರುತ್ತದೆ ಅಂತ ಕಾಗದದಲ್ಲಿ ಬರೆಸಿ. ಮೋಸ ಹೋದಿರಿ ಅನ್ನಿಸಿದರೆ ಕಾನೂನು ನಿಮ್ಮ ಕಡೆಗಿದೆ. 2019ರಿಂದ 1000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು, ಕಾರಣ ಕೊಡಬೇಕಿಲ್ಲ. ರಸೀದಿ ಮಾತ್ರ ಇರಬೇಕು. ಇನ್ನು ಬೀದಿಯಲ್ಲಿ ಅಡ್ಡ ಬಂದು 'ಒಳ್ಳೆ ರೇಟು ಕೊಡ್ತೀನಿ' ಅನ್ನುವವರು ಎಣಿಸಿ ಕೊಡುವುದು ಎಷ್ಟೋ ಸಲ ಕೊರುನಾವೇ ಅಲ್ಲ, ಬೇರೆ ದೇಶದ ಬೆಲೆಯಿಲ್ಲದ ನೋಟು.

ಹಂತ 5: ಟ್ರ್ಯಾಮ್ ಟಿಕೆಟ್

ಮೆಟ್ರೊ, ಟ್ರ್ಯಾಮ್, ಬಸ್ ಎಲ್ಲಕ್ಕೂ ಒಂದೇ ಟಿಕೆಟ್. ಅರ್ಧ ಗಂಟೆ, ಒಂದೂವರೆ ಗಂಟೆ, ದಿನ, ಮೂರು ದಿನ ಹೀಗೆ ಹೊತ್ತಿನ ಲೆಕ್ಕದಲ್ಲಿ ಸಿಗುತ್ತದೆ. ಕಾಗದದ ಟಿಕೆಟ್ಟಾದರೆ ಹಳದಿ ಪೆಟ್ಟಿಗೆಗೆ ತೂರಿಸಿ ಒಮ್ಮೆ ಮುದ್ರೆ ಒತ್ತಿಸಲೇಬೇಕು. ಒತ್ತಿಸದ ಟಿಕೆಟ್ಟೂ ಟಿಕೆಟ್ ಇಲ್ಲದಿರುವುದೂ ಒಂದೇ. ಟ್ರ್ಯಾಮಿನೊಳಗೆ ಕಾರ್ಡ್ ತಾಗಿಸಿ ಕೊಂಡದ್ದಕ್ಕೆ ಮುದ್ರೆ ಬೇಡ. ತಪಾಸಕರು ಮಾಮೂಲಿ ಬಟ್ಟೆಯಲ್ಲಿ ಬರುತ್ತಾರೆ, ವಿದೇಶಿ ಎಂಬ ದಾಕ್ಷಿಣ್ಯವಿಲ್ಲ.

ಹಂತ 6: ನೋಡುವ ಕ್ರಮ

ಮೊದಲ ಬೆಳಗ್ಗೆ, ಸೂರ್ಯ ಹುಟ್ಟುವ ಮುಂಚೆ ಚಾರ್ಲ್ಸ್ ಸೇತುವೆ. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಕಟ್ಟಿಸಲು ಹಿಡಿದ ಈ ಸೇತುವೆ ಅರ್ಧ ಕಿಲೋಮೀಟರ್ ಉದ್ದವಿದೆ, ಎರಡೂ ಬದಿಗೆ ಸೇರಿ 30 ಪ್ರತಿಮೆಗಳು. ಹತ್ತು ಗಂಟೆಯ ಮೇಲೆ ಹೋದರೆ ಕಾಣುವುದು ಜನರ ಬೆನ್ನು ಮಾತ್ರ. ಜೇಬುಗಳ್ಳರಿಗೂ ಅದೇ ಹೊತ್ತು ಪ್ರಶಸ್ತ.

ಅಲ್ಲಿಂದ 22ನೇ ನಂಬರಿನ ಟ್ರ್ಯಾಮ್ ಹಿಡಿದು ಪೊಹೊರ್ಜೆಲೆತ್ಸ್ ನಿಲ್ದಾಣದಲ್ಲಿ ಇಳಿದರೆ ಪ್ರಾಗ್ ಕೋಟೆಗೆ ಇಳಿಜಾರಿನಲ್ಲೇ ನಡೆಯಬಹುದು. ಕೆಳಗಿನಿಂದ ಮೆಟ್ಟಿಲು ಹತ್ತುವ ಶ್ರಮ ತಪ್ಪುತ್ತದೆ. ಕೋಟೆಯ ಅಂಗಳಗಳಿಗೆ ದುಡ್ಡಿಲ್ಲ. ಒಳಗಿನ ಕಟ್ಟಡಗಳಿಗೆ ಟಿಕೆಟ್ ಇದೆ, 26ರೊಳಗಿನ ವಿದ್ಯಾರ್ಥಿಗಳಿಗೆ ರಿಯಾಯಿತಿ. ಇಡೀ ಪ್ರವಾಸದಲ್ಲಿ ಒಂದೇ ಟಿಕೆಟ್ ಕೊಳ್ಳುವುದಾದರೆ ಇದನ್ನು ಕೊಳ್ಳಿ. ಸೇಂಟ್ ವಿಟಸ್ ಕೆಥೆಡ್ರಲ್‌ಗೆ 1344ರಲ್ಲಿ ಅಡಿಗಲ್ಲು ಬಿತ್ತು, ಪೂರ್ತಿಯಾದದ್ದು 1929ರಲ್ಲಿ. ಎಡಬದಿಯ ಬಣ್ಣದ ಗಾಜಿನ ಕಿಟಕಿಗಳಲ್ಲೊಂದು ಚಿತ್ರಕಾರ ಅಲ್ಫೋನ್ಸ್ ಮುಖಾ ಅವರದು. ಹೊರಗೆ ಬಿಸಿಲಿದ್ದಾಗ ಅದರ ಮುಂದೆ ನಿಲ್ಲಿ. ಹಳೇ ಅರಮನೆಯಲ್ಲಿರುವ ಕಿಟಕಿಯಿಂದ 1618ರಲ್ಲಿ ಚಕ್ರವರ್ತಿಯ ಪ್ರತಿನಿಧಿಗಳನ್ನು ಹೊರಗೆ ಎಸೆದರು. ಅವರು ಬದುಕಿಕೊಂಡರು, ಯುರೋಪಿಗೆ ಮಾತ್ರ ಮೂವತ್ತು ವರ್ಷದ ಯುದ್ಧ ಗಂಟುಬಿತ್ತು. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗಳಿಗೆ ಕೆಥೆಡ್ರಲ್ ಬಾಗಿಲು ತೆರೆಯುವುದು ಮಧ್ಯಾಹ್ನವೇ.

ಹಳೇ ಊರಿನ ಚೌಕದ 1410ರ ಖಗೋಳ ಗಡಿಯಾರ ಗಂಟೆಗೊಮ್ಮೆ ಬೊಂಬೆಗಳನ್ನು ತೋರಿಸುತ್ತದೆ. ಒಮ್ಮೆ ನೋಡಿದರೆ ಸಾಕು. ಅದಕ್ಕಿಂತ ಅಲ್ಲೇ ನೆಲದ ಕಲ್ಲಿನಲ್ಲಿರುವ 27 ಬಿಳಿ ಶಿಲುಬೆಗಳನ್ನು ಹುಡುಕಿ. 1621ರ ಜೂನ್ 21ರಂದು ಆ ಕಿಟಕಿಯ ಘಟನೆಯಿಂದ ಶುರುವಾದ ದಂಗೆಯ 27 ಮುಖಂಡರ ತಲೆ ತೆಗೆದ, ನೇಣು ಹಾಕಿದ ಜಾಗ ಅದು. ಗಡಿಯಾರಕ್ಕೆ ಕತ್ತೆತ್ತಿ ನಿಂತವರು ಅವುಗಳ ಮೇಲೇ ನಡೆದುಹೋಗುತ್ತಾರೆ.

ಸಂಜೆಗೆ ಮೆಟ್ರೊ ಸಿ ಮಾರ್ಗದಲ್ಲಿ ವಿಶೆಹ್ರಾದ್. ವ್ಲ್ತಾವಾ ನದಿಯ ಮೇಲಿನ ಈ ಹಳೇ ಕೋಟೆಯ ಗೋಡೆ ಮೇಲೆ ಓಡಾಡಲು ಪುಕ್ಕಟೆ. ಪಕ್ಕದ ಸ್ಮಶಾನದಲ್ಲಿ ಸಂಗೀತಗಾರರಾದ ದ್ವೊರ್ಜಾಕ್, ಸ್ಮೆತಾನಾ ಮಲಗಿದ್ದಾರೆ. ಪ್ರಾಗ್ ಕೋಟೆಯ ಟಿಕೆಟ್ ಬೇಡವೆನ್ನುವವರು ಸೇತುವೆ, ವಿಶೆಹ್ರಾದ್ ಎರಡನ್ನೇ ನೋಡಿಬಂದರೂ ನಷ್ಟವಿಲ್ಲ.

ಮೈಸೂರಿನವರಿಗೆ ಇನ್ನೊಂದು ಜಾಗ ಹೇಳಬೇಕು. 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಊರುಗಳಲ್ಲಿ ಓಡಿದ ಜಾವಾ ಬೈಕಿನ ತವರು ಈ ದೇಶವೇ. ಫ್ರಾಂಟಿಶೆಕ್ ಯಾನೆಚೆಕ್ ಆ ಕಂಪನಿ ಶುರುಮಾಡಿದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಲೆತ್ನಾ ಗುಡ್ಡದ ಬಳಿಯ ರಾಷ್ಟ್ರೀಯ ತಾಂತ್ರಿಕ ಸಂಗ್ರಹಾಲಯದ ವಾಹನಗಳ ಹಜಾರದಲ್ಲಿ ಹಳೇ ಬೈಕು, ಕಾರು, ಉಗಿಬಂಡಿಗಳಿವೆ. ಸೋಮವಾರ ರಜೆ. ಅಲ್ಲೊಂದು ಫೋಟೊ ತೆಗೆದು ಊರಿನಲ್ಲಿರುವ ದೊಡ್ಡಪ್ಪನಿಗೆ ಕಳಿಸಿ ನೋಡಿ, ಫೋನು ತಕ್ಷಣ ಬರುತ್ತದೆ.

ಹಂತ 7: ಊಟ

ಚೌಕದ ಗಾಡಿಗಳಲ್ಲಿ ಫಲಕದ ಬೆಲೆ ಎಷ್ಟೋ ಕಡೆ 100 ಗ್ರಾಂಗೆ ಮಾತ್ರ. ದೊಡ್ಡ ತುಂಡು ಕತ್ತರಿಸಿ ತೂಗಿದ ಮೇಲೆ ಬಾಯಿ ಕಟ್ಟುತ್ತದೆ. ಹಂದಿ ತೊಡೆಯ ಮಾಂಸಕ್ಕೆ ಈ ಮಾತು ಮುಖ್ಯ. ಸುರುಳಿ ಬ್ರೆಡ್ಡಿನ ತ್ರ್‌ದೆಲ್ನಿಕ್ ಅನ್ನು ಝೆಕ್ ಪರಂಪರೆ ಎಂದು ಮಾರುತ್ತಾರೆ, ಊರಿನವರು ಅದರತ್ತ ತಿರುಗಿಯೂ ನೋಡುವುದಿಲ್ಲ.

ಊರಿನವರು ಮಾಡುವಂತೆ ಮಾಡಿ: ವಾರದ ದಿನಗಳಲ್ಲಿ 11ರಿಂದ 2ರವರೆಗೆ ಹೋಟೆಲ್ಲುಗಳಲ್ಲಿ 'ಪೊಲೆದ್ನಿ ಮೆನು' ಎಂಬ ಮಧ್ಯಾಹ್ನದ ಊಟವಿರುತ್ತದೆ. ಚೌಕದಿಂದ ನಾಲ್ಕು ಬೀದಿ ಆಚೆ ಅದೇ ಅಡುಗೆಗೆ ರಾತ್ರಿಯ ದರಕ್ಕಿಂತ ಎಷ್ಟೋ ಕಡಿಮೆ. ಮಧ್ಯಾಹ್ನ ಹೊಟ್ಟೆ ತುಂಬಾ ಉಂಡು ರಾತ್ರಿ ಹಾಸ್ಟೆಲ್ ಅಡುಗೆಮನೆಯಲ್ಲಿ ಏನಾದರೂ ಬೇಯಿಸಿಕೊಂಡರೆ ದಿನ ಸಾಗುತ್ತದೆ.

ಸಸ್ಯಾಹಾರಿಗಳು 'ಬೆಜ್ ಮಸಾ' ಎಂದು ಕೇಳಿ, ಮಾಂಸವಿಲ್ಲದ್ದು ಎಂದರ್ಥ. ಸೂಪಿನ ಸಾರು ಯಾವುದರದು ಅಂತಲೂ ಕೇಳಿ, ಅದರಲ್ಲಿ ಎಲುಬು ಬೆಂದಿರಬಹುದು. ಕರಿದ ಚೀಸ್ ತುಂಡು 'ಸ್ಮಾಜೆನಿ ಸೀರ್' ಎಲ್ಲೆಡೆ ಸಿಗುತ್ತದೆ. ಹಣ್ಣು ಹೂರಣದ ಕ್ನೆದ್ಲೀಕಿ ನಮ್ಮ ಸಿಹಿ ಕಡುಬಿನ ದಾಯಾದಿಯಂತಿದೆ, ಅದನ್ನೇ ಊಟವೆಂದು ತಿನ್ನುತ್ತಾರೆ. ಬೇಳೆ-ಅನ್ನ ನೆನಪಾದರೆ ಧಾಬಾ ಬಿಯಾಸ್ ಎಂಬ ಸಸ್ಯಾಹಾರಿ ಹೋಟೆಲ್ಲುಗಳಿವೆ. ತಟ್ಟೆಗೆ ಬೇಕಾದ್ದು ಬಡಿಸಿಕೊಂಡು ತೂಕಕ್ಕೆ ದುಡ್ಡು ಕೊಡುವುದು. ಅನ್ನ ಕಡಿಮೆ, ಪಲ್ಯ ಜಾಸ್ತಿ ಹಾಕಿಕೊಳ್ಳಿ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಜೊತೆಗಿರಲಿ.

ಹಂತ 8: ದಿನ ಉಳಿದರೆ ಕುಟ್ನಾ ಹೋರಾ

ರೈಲಿನಲ್ಲಿ ಸುಮಾರು ಒಂದು ಗಂಟೆ, ಐಎಸ್‌ಐಸಿ ಇರುವ, 26 ತುಂಬದವರಿಗೆ ಅರ್ಧ ದರ. ಮಧ್ಯಯುಗದಲ್ಲಿ ಬೆಳ್ಳಿ ಗಣಿಯಿಂದ ಮೆರೆದ ಊರು. ಗಣಿಗಾರರ ದುಡ್ಡಿನಿಂದೆದ್ದ ಸೇಂಟ್ ಬಾರ್ಬರಾ ಇಗರ್ಜಿ ನೋಡಿ. ಸೆದ್ಲೆತ್ಸ್‌ನ ಎಲುಬುಗಳ ಪ್ರಾರ್ಥನಾಮಂದಿರದಲ್ಲಿ ಸಾವಿರಾರು ಸತ್ತವರ ಮೂಳೆಗಳನ್ನೇ ಜೋಡಿಸಿ ತೂಗುದೀಪ ಮಾಡಿದ್ದಾರೆ, ಫೋಟೊ ತೆಗೆಯುವಂತಿಲ್ಲ.

ಹಂತ 9: ವಾಪಸ್

ಬಸ್ಸಾದರೆ ಫ್ಲೊರೆಂಟ್ಸ್ ನಿಲ್ದಾಣಕ್ಕೆ ಕಾಲು ಗಂಟೆ ಮೊದಲೇ ಹೋಗಿ. ಪಾಸ್‌ಪೋರ್ಟ್ ಬ್ಯಾಗಿನ ತಳಕ್ಕೆ ಹಾಕಬೇಡಿ, ಗಡಿಯಲ್ಲಿ ಬೇಕಾಗುತ್ತದೆ. ಉಳಿದ ಕೊರುನಾ ನೋಟುಗಳನ್ನು ಜರ್ಮನಿಗೆ ಒಯ್ದು ಬದಲಾಯಿಸಿದರೆ ನಷ್ಟ, ನಾಣ್ಯಗಳನ್ನಂತೂ ಯಾರೂ ತೆಗೆದುಕೊಳ್ಳುವುದಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ದಾರಿಗೆ ಬ್ರೆಡ್ಡು, ಬಾಳೆಹಣ್ಣು ಕೊಂಡು ಮೊದಲು ಚಿಲ್ಲರೆ ಪೂರ್ತಿ ಎಣಿಸಿ ಕೊಡಿ, ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಕಾರ್ಡು.