ಬೆಳೆ ನಷ್ಟ ಪರಿಹಾರ: ಬಿತ್ತನೆಗೆ ಮುನ್ನ ದಾಖಲೆ ಸರಿಪಡಿಸಿಕೊಳ್ಳುವುದು ಹೇಗೆ?

ಬರಕ್ಕೋ ನೆರೆಗೋ ಬೆಳೆ ಹಾಳಾದ ವರ್ಷ ಪಕ್ಕದ ಹೊಲದವರ ಖಾತೆಗೆ ಪರಿಹಾರ ಜಮೆಯಾಗಿ, ನಮ್ಮ ಖಾತೆಗೆ ಬಾರದಿದ್ದರೆ, ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಆಧಾರ್ ಮತ್ತು ಬ್ಯಾಂಕ್ ಖಾತೆಗಳು ಒಂದಕ್ಕೊಂದು ತಾಳೆಯಾಗದಿರುವುದೇ ಸಾಮಾನ್ಯವಾಗಿ ಅದಕ್ಕೆ ಕಾರಣ. ನಷ್ಟವಾದ ಮೇಲೆ ಓಡಾಡಿದರೆ ಇವು ಬೇಗ ಸರಿಹೋಗುವುದಿಲ್ಲ.

ಕೇಂದ್ರದ ವಿಪತ್ತು ಪರಿಹಾರ ನಿಯಮಗಳಲ್ಲಿ 2022-23ರಿಂದ 2025-26ರ ಅವಧಿಗೆ ನಿಗದಿಯಾದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಶೇ 33ಕ್ಕಿಂತ ಕಡಿಮೆ ನಷ್ಟವಾದರೆ ಏನೂ ಸಿಗದು. ಎಷ್ಟೇ ಜಮೀನಿದ್ದರೂ 2 ಹೆಕ್ಟೇರೇ ಮಿತಿ. ಮಳೆಯಾಶ್ರಿತ ತೊಗರಿಗೆ ಇದು ಎಕರೆಗೆ ಸುಮಾರು 3,440 ರೂಪಾಯಿ. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ತನ್ನ ಪಾಲನ್ನೂ ಸೇರಿಸಿದೆ.

ಮೊದಲು ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ಅಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇದ್ದರೆ, ಮೂವತ್ತು ವರ್ಷದಿಂದ ನೀವೇ ಉಳುತ್ತಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ನೀವು ರೈತರಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು, ಅರ್ಜಿ ಕೊಡಿ. ಅಣ್ಣತಮ್ಮಂದಿರ ಮನಸ್ತಾಪದಿಂದ ಈ ಕೆಲಸ ಮುಂದೂಡುತ್ತಾ ಹೋದ ಮನೆಗಳಿಗೆ ಪ್ರತಿ ಬರಗಾಲದಲ್ಲೂ ನಷ್ಟ ಕಟ್ಟಿಟ್ಟದ್ದು.

ಪಹಣಿ ಸರಿಯಾದ ಬಳಿಕ ಅದನ್ನು, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು, ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಎಫ್‌ಐಡಿ ಮಾಡಿಸಿ. ಮೊದಲೇ ಮಾಡಿಸಿದ್ದರೆ, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ಕೇಳಿ ತಿಳಿಯಿರಿ. ಮೂರು ಕಡೆ ಹೊಲವಿದ್ದು ಒಂದೇ ನಂಬರು ಜೋಡಣೆಯಾಗಿದ್ದರೆ ಉಳಿದೆರಡರ ಪರಿಹಾರ ಕೈತಪ್ಪುತ್ತದೆ.

ಬ್ಯಾಂಕಿನಲ್ಲಿ ‘ಆಧಾರ್ ಕೊಟ್ಟಿದ್ದೇನೆ’ ಎಂದರೆ ಸಾಲದು. ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಪಾವತಿ ಯಾವ ಖಾತೆಗೆ ಹೋಗಬೇಕೆಂಬ ಜೋಡಣೆ) ಆಗಿದೆಯೇ ಎಂದು ಸ್ಪಷ್ಟವಾಗಿ ಕೇಳಬೇಕು. ಆಧಾರ್ ಆಧಾರಿತ ಪಾವತಿ ಈ ಜೋಡಣೆಯಿರುವ ಒಂದೇ ಖಾತೆಗೆ ಹೋಗುವುದರಿಂದ, ಎರಡು ಮೂರು ಖಾತೆ ಇರುವವರು ಹಣ ಬಂದಿಲ್ಲವೆಂದು ಭಾವಿಸಿದ್ದರೂ ಅದು ಮರೆತ ಹಳೆಯ ಖಾತೆಯಲ್ಲಿ ಬಿದ್ದಿರಬಹುದು. ಯಾವ ಖಾತೆಗೆ ಜಮೆಯಾಗಿದೆ ಎಂಬುದು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಕಾಣಿಸುತ್ತದೆ.

ಬಿತ್ತಿದ ಮೇಲೆ, ಯಾವ ಹೊಲದಲ್ಲಿ ಯಾವ ಬೆಳೆಯಿದೆ ಎಂದು ದಾಖಲಿಸುವ ಬೆಳೆ ಸಮೀಕ್ಷೆಯನ್ನು ಕಡೆಗಣಿಸಬೇಡಿ. ಸಮೀಕ್ಷೆಯ ರೈತರ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಚಿತ್ರ ತೆಗೆದು ನೀವೇ ದಾಖಲಿಸಬಹುದು; ತೊಗರಿಯ ನಡುವೆ ಹೆಸರುಕಾಳು ಹಾಕಿದ್ದರೆ ಎರಡನ್ನೂ ನಮೂದಿಸಿ. ಸಮೀಕ್ಷೆಗೆ ಬಂದವರು ತಪ್ಪು ಬೆಳೆ ಬರೆದಿದ್ದರೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ.

ಪಾಲಿಗೆ, ಗುತ್ತಿಗೆಗೆ ಹೊಲ ಮಾಡುವವರ ಸ್ಥಿತಿ ಮಾತ್ರ ನೋವಿನದು. ಬೀಜ, ಗೊಬ್ಬರ, ದುಡಿಮೆ ಎಲ್ಲವೂ ಅವರದಾದರೂ ಹಣ ಪಹಣಿದಾರರ ಖಾತೆಗೇ ಹೋಗುತ್ತದೆ. ಸರ್ಕಾರ ಇದನ್ನು ಸರಿಪಡಿಸುವವರೆಗೆ, ಪರಿಹಾರ ಬಂದರೆ ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಹೊಲ ಹಿಡಿಯುವಾಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ನಷ್ಟವಾದಾಗ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಕಂದಾಯ ಮತ್ತು ಕೃಷಿ ಇಲಾಖೆಯವರ ಜಂಟಿ ಸಮೀಕ್ಷೆಯ ವೇಳೆ ಹೊಲದಲ್ಲಿರಿ. ಬೆಳೆ ವಿಮೆ ಮಾಡಿಸಿದ್ದರೆ ಅದು ಬೇರೆಯೇ ಲೆಕ್ಕ: ಆಲಿಕಲ್ಲು ಬಿದ್ದರೆ ಅಥವಾ ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಲೇಬೇಕು.