ಈಜುಕೊಳ ಬಿಟ್ಟು ಚುನಾವಣೆಗೆ ನಿಲ್ಲುವವರಿಗೆ

ನಿವೃತ್ತಿಯ ಸುದ್ದಿ ಪತ್ರಿಕೆಯಲ್ಲಿ ಬಂದರೆ ಸಾಕು, ಹಳೆಯ ಗೆಳೆಯರಿಗಿಂತ ಮೊದಲು ಪಕ್ಷದವರು ಫೋನ್ ಮಾಡುತ್ತಾರೆ. ನನಗೂ ಮಾಡಿದ್ದರು. 200 ಮೀಟರ್ ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಮಲಗಿ ಈಜುವ ಸ್ಪರ್ಧೆಯಲ್ಲಿದ್ದವಳು ಈಗ ಚುನಾಯಿತ ಸದಸ್ಯೆಯಾಗಿದ್ದೇನೆ. ಕಿರಿಯ ಈಜುಗಾರರು "ಅಕ್ಕಾ, ಟಿಕೆಟ್ ಕೊಡುತ್ತಾರಂತೆ, ನಿಲ್ಲಲೇ?" ಎಂದು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಹೇಳುತ್ತಿದ್ದುದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ನಿವೃತ್ತಿಯನ್ನು ಕಾಗದದ ಮೇಲೆ ಮುಗಿಸಿ. ಉದ್ದೀಪನ ಮದ್ದು ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿರುವವರೆಗೆ ನೀವು ಯಾವ ದಿನ ಎಲ್ಲಿರುತ್ತೀರಿ ಎಂದು ತಿಳಿಸುತ್ತಿರಬೇಕು. 12 ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ ನಿಯಮ ಉಲ್ಲಂಘನೆ. ಪ್ರಚಾರದ ಓಡಾಟದಲ್ಲಿ ಇದನ್ನು ಮರೆತರೆ ಎದುರಾಳಿಯ ಭಾಷಣವನ್ನು ನೀವೇ ಬರೆದುಕೊಟ್ಟಂತೆ. "ಸೋತರೆ ಮತ್ತೆ ಈಜೋಣ" ಎಂಬ ಲೆಕ್ಕವೂ ಬೇಡ. ಸ್ಪರ್ಧೆಗೆ ಮರಳಲು ಆರು ತಿಂಗಳು ಮುಂಚೆಯೇ ಲಿಖಿತವಾಗಿ ತಿಳಿಸಿ, ಪರೀಕ್ಷೆಗೆ ಲಭ್ಯರಿರಬೇಕು. ಇನ್ನು ಪೋಸ್ಟರ್: ಐದು ಉಂಗುರಗಳ ಲಾಂಛನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸ್ವತ್ತು. ಪದಕ ನಿಮ್ಮದಾದರೂ ಉಂಗುರಗಳು ನಿಮ್ಮವಲ್ಲ. ಮುದ್ರಣಕ್ಕೆ ಹೋಗುವ ಮೊದಲು ಇದನ್ನು ಕಾರ್ಯಕರ್ತರಿಗೆ ಹೇಳಿ, ಏಕೆಂದರೆ ಅವರಿಗೆ ಉಂಗುರಗಳ ಮೇಲೆ ವಿಪರೀತ ಪ್ರೀತಿ.

ಯಾವ ದಾರಿಯಿಂದ ಒಳಗೆ ಹೋಗುತ್ತೀರಿ ಎಂಬುದರ ಬಗ್ಗೆ ನಿಧಾನವಾಗಿ ಯೋಚಿಸಿ. ನಮಗಿಂತ ಮುಂಚೆ ಹೋದವರಿದ್ದಾರೆ. ಆಸ್ಟ್ರೇಲಿಯಾದ ಡಾನ್ ಫ್ರೇಸರ್ 1956, 1960, 1964ರ ಒಲಿಂಪಿಕ್ಸ್‌ಗಳಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು. ನ್ಯೂ ಸೌತ್ ವೇಲ್ಸ್ ಶಾಸನಸಭೆಗೆ ಪಕ್ಷೇತರರಾಗಿ ಆರಿಸಿ ಬಂದದ್ದು 1988ರಲ್ಲಿ, ಅದೂ ತಾವು ಹುಟ್ಟಿದ, ಪಬ್ ನಡೆಸಿದ ಬಾಲ್ಮೇನ್‌ನಿಂದ. ಕೊನೆಯ ಚಿನ್ನಕ್ಕೂ ಆ ಗೆಲುವಿಗೂ ನಡುವೆ 24 ವರ್ಷ. ಮುಂದೆ ಕ್ಷೇತ್ರ ಮರುವಿಂಗಡಣೆಯಲ್ಲಿ ಬಾಲ್ಮೇನ್ ಕ್ಷೇತ್ರವೇ ಇಲ್ಲವಾಯಿತು. 1991ರಲ್ಲಿ ಅವರು ಸೋತರು. ಪಕ್ಷೇತರರ ಬಲವೆಲ್ಲ ಪರಿಚಯದ ಬೀದಿಗಳಲ್ಲಿರುತ್ತದೆ. ನಕ್ಷೆ ಬದಲಾದರೆ ಆ ಬೀದಿಗಳು ಬೇರೆಯವರ ಪಾಲಾಗುತ್ತವೆ.

ಪಕ್ಷದ ದಾರಿ ಹಿಡಿದವರಲ್ಲಿ ನಮ್ಮ ದೇಶದ ಬುಲಾ ಚೌಧುರಿ ಇದ್ದಾರೆ. ಇಂಗ್ಲಿಷ್ ಕಾಲುವೆಯನ್ನು ಎರಡು ಬಾರಿ ಈಜಿದ ಅವರು 2006ರಲ್ಲಿ ಪಶ್ಚಿಮ ಬಂಗಾಳದ ನಂದನಪುರದಿಂದ ಶಾಸಕಿಯಾದರು. ಮೂರನೆಯದು ನೇಮಕದ ದಾರಿ. ಜಿಂಬಾಬ್ವೆಯ ಕರ್ಸ್ಟಿ ಕವೆಂಟ್ರಿ 2004 ಮತ್ತು 2008ರಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಗೆದ್ದವರು. ನನ್ನ ವಿಭಾಗದವರೆಂದು ಸ್ವಲ್ಪ ಅಭಿಮಾನ ಹೆಚ್ಚು. 2018ರಲ್ಲಿ ಅವರನ್ನು ಕ್ರೀಡಾ ಸಚಿವೆಯಾಗಿ ನೇಮಿಸಿದರು. ಹೀಗೆ ಬಂದವರಿಗೆ ಮತದಾರರ ಬೆಂಬಲದ ಕವಚವಿರುವುದಿಲ್ಲ, ನೇಮಿಸಿದ ಸರ್ಕಾರದ ಹೊರೆ ಮಾತ್ರ ಪೂರ್ತಿ ಹೆಗಲಿಗೇರುತ್ತದೆ. 2022ರಲ್ಲಿ ಸರ್ಕಾರದ ಹಸ್ತಕ್ಷೇಪದ ಕಾರಣ ನೀಡಿ ಫಿಫಾ ಆ ದೇಶದ ಫುಟ್‌ಬಾಲ್ ಸಂಸ್ಥೆಯನ್ನು ಅಮಾನತು ಮಾಡಿದಾಗ ಟೀಕೆ ಅವರತ್ತಲೂ ಬಂತು. ಆದರೂ 2025ರಲ್ಲಿ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾದರು. 97 ಮತಗಳಲ್ಲಿ ಬಿದ್ದದ್ದು 49, ಬೇಕಾದಷ್ಟೇ. ಸಚಿವೆಯಾಗುವುದಕ್ಕೆ ಮುಂಚೆಯೇ ಅವರು ಆ ಸಮಿತಿಯಲ್ಲಿ ಕ್ರೀಡಾಪಟುಗಳನ್ನು ಪ್ರತಿನಿಧಿಸುವ ಅಥ್ಲೀಟುಗಳ ಆಯೋಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದರು. ನಿಮ್ಮ ಕ್ರೀಡಾ ಸಂಸ್ಥೆಯಲ್ಲೂ ಅಂಥ ಆಯೋಗವಿದ್ದರೆ ಮೊದಲ ಚುನಾವಣೆ ಅಲ್ಲಿಯೇ ಆಗಲಿ.

ಪದಕ ಬಾಗಿಲು ತೆರೆಸುತ್ತದೆ, ಮತ ತರುವುದಿಲ್ಲ. ಇದನ್ನು ನಂಬದವರು ಫ್ರಾನ್ಸ್ ಕಡೆ ನೋಡಲಿ. ಈಜಿನಲ್ಲಿ 1998ರ ವಿಶ್ವ ಚಾಂಪಿಯನ್ ರೊಕ್ಸಾನಾ ಮರಸಿನೆಯಾನು ಮೊದಲು ಪ್ರಾದೇಶಿಕ ಮಂಡಳಿಯಲ್ಲಿದ್ದು, 2018ರಿಂದ 2022ರವರೆಗೆ ಕ್ರೀಡಾ ಖಾತೆ ನೋಡಿಕೊಂಡರು. 2022ರ ಸಂಸತ್ ಚುನಾವಣೆಯಲ್ಲಿ ಅವರನ್ನು ಸೋಲಿಸಿದವರು ರಶೆಲ್ ಕೆಕೆ. ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುತ್ತಿದ್ದ, ಸಹೋದ್ಯೋಗಿಗಳ ಮುಷ್ಕರಕ್ಕೆ ಮುಂದೆ ನಿಂತ ಮಹಿಳೆ. ಅಂತರ ಕೂದಲೆಳೆಯಷ್ಟು. ಆ ಮತದಾರರ ತೀರ್ಪು ನನಗೆ ಅನ್ಯಾಯವೆನಿಸುವುದಿಲ್ಲ. ತಮ್ಮ ದಿನಗೂಲಿಯ ಕಷ್ಟವನ್ನು ಬಲ್ಲವರನ್ನು ಅವರು ಆರಿಸಿದರು.

ಮರಸಿನೆಯಾನು ಅವರಿಂದ ಕಲಿಯಬೇಕಾದದ್ದು ಬೇರೆ ಇದೆ. ಸಚಿವೆಯಾಗಿ ಅವರು ಚಿಕ್ಕ ಮಕ್ಕಳಿಗೆ ನೀರಿನ ಭಯ ಬಿಡಿಸುವ ಕಾರ್ಯಕ್ರಮಕ್ಕೆ ಒತ್ತು ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಈ ವಿಷಯದಲ್ಲಿ ನಿಮ್ಮ ಮಾತಿಗೆ ಬೇರೆ ಯಾವ ಅಭ್ಯರ್ಥಿಗೂ ಇಲ್ಲದ ತೂಕವಿದೆ. ಬೇಡಿಕೆಯನ್ನು ಮಾತ್ರ ಸರಿಯಾಗಿ ಇಡಿ. ಒಲಿಂಪಿಕ್ ಅಳತೆಯ ಕೊಳ ಕಟ್ಟಿಸುತ್ತೇನೆಂಬ ಭರವಸೆ ಸುಲಭ, ಆದರೆ ಅದರಿಂದ ಸಾವು ಕಡಿಮೆಯಾಗುವುದಿಲ್ಲ. ತೆರೆದ ಬಾವಿ, ಹೊಂಡಗಳಿಗೆ ಬೇಲಿ, ಎಳೆಯ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಶಾಲಾ ಮಕ್ಕಳಿಗೆ ಈಜು, ದಂಡೆಯಲ್ಲಿರುವವರಿಗೆ ರಕ್ಷಣಾ ತರಬೇತಿ: ಇವನ್ನು ಕೇಳಿ.

ದಿನಚರಿಯ ಬಗ್ಗೆ ಒಂದು ಮಾತು. ಬ್ಯಾಕ್‌ಸ್ಟ್ರೋಕ್‌ನಲ್ಲಿ ಗೋಡೆಗೆ 5 ಮೀಟರ್ ಇರುವಾಗ ತಲೆಯ ಮೇಲೆ ಬಾವುಟಗಳ ಸಾಲು ಕಾಣುತ್ತದೆ, ಇನ್ನೆಷ್ಟು ಸಲ ಕೈ ಬೀಸಬೇಕೆಂಬುದು ಖಚಿತ. ಕಡತಗಳಿಗೆ ಅಂಥ ಬಾವುಟವಿಲ್ಲ. ಹಾಗಾಗಿ ಪ್ರತಿ ಅರ್ಜಿಗೂ ಯಾವ ಮೇಜಿನಲ್ಲಿದೆ, ಮತ್ತೆ ಯಾವಾಗ ಕೇಳಬೇಕು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಅಭ್ಯಾಸದ ಡೈರಿ ಬರೆದ ಕೈಗೆ ಇದು ಕಷ್ಟವಲ್ಲ. ಕಷ್ಟವಾಗುವುದು ಕೇಳಿಸಿಕೊಳ್ಳುವುದು. ತಲೆ ನೀರಿನಲ್ಲಿಟ್ಟು ಬೆಳೆದವರು ನಾವು. ಅರ್ಜಿ ಹಿಡಿದು ಬಂದವರ ಮಾತು ಮುಗಿಯುವ ಮುನ್ನ ಪರಿಹಾರ ಹೇಳಲು ನಾಲಿಗೆ ತುರಿಸುತ್ತದೆ. ಸುಮ್ಮನೆ ಕುಳಿತು ಕೇಳಿ, ಅವರು ಹೇಳಿದ್ದನ್ನು ತಿರುಗಿ ಹೇಳಿ, ಆಮೇಲೆ ಬಾಯಿ ತೆರೆಯಿರಿ. ಭಾಷಣ ಕಲಿಯಲು ಇಷ್ಟೂ ಶ್ರಮ ಬೇಕಿಲ್ಲ, ಚಿಕ್ಕದಾಗಿ ಮಾತನಾಡಿದರೆ ಸಾಕು.

ಕೊನೆಯದಾಗಿ, ಈಜು ಸಂಸ್ಥೆಯ ಆಯ್ಕೆ ಸಮಿತಿಯಲ್ಲಿದ್ದರೆ ರಾಜೀನಾಮೆ ಕೊಡಿ. ಅನುದಾನ ಮಂಜೂರು ಮಾಡುವ ಕಡೆಯೂ ಪಡೆಯುವ ಕಡೆಯೂ ಒಬ್ಬರೇ ಕೂರಬಾರದು. ಆ ಪತ್ರ ನಾಮಪತ್ರಕ್ಕಿಂತ ಮೊದಲು ಹೋಗಲಿ, ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ನಿಮ್ಮ ಬಳಿ ಇರಲಿ.