ಕ್ಲಿಪ್ಪೋ ಅಲೈನರೋ? ತೀರ್ಮಾನಕ್ಕೆ ಮೊದಲು ನಿಮ್ಮ ದಿನವನ್ನು ಅಳೆಯಿರಿ

ನಮ್ಮ ಮನೆಯಲ್ಲಿ ಎರಡೂ ಆಗಿದೆ. ಮಗಳಿಗೆ 13ನೇ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿದೆವು. ಅವಳದು ಮುಗಿಯುವ ಹೊತ್ತಿಗೆ 41ರ ನಾನು ಅಲೈನರ್, ಅಂದರೆ ಸೊಟ್ಟ ಹಲ್ಲನ್ನು ಸಾಲಿಗೆ ತರಲು ಹಾಕಿ ತೆಗೆಯಬಹುದಾದ ಪಾರದರ್ಶಕ ಕವಚ, ತೊಡಲು ಶುರು ಮಾಡಿದೆ. ಅಂದಿನಿಂದ ಉಡುಪಿಯಲ್ಲಿ ಪರಿಚಯದವರು ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: 'ಎರಡರಲ್ಲಿ ಯಾವುದು ಒಳ್ಳೆಯದು?' ಕ್ಲಿಪ್ ಹಾಕಿಕೊಂಡವರು ಅದನ್ನು ಮರೆತು ಮಲಗಿದರೂ ಅದರ ಕೆಲಸ ನಡೆದೇ ಇರುತ್ತದೆ. ಅಲೈನರ್ ಕೆಲಸ ಮಾಡುವುದು ಬಾಯಲ್ಲಿ ಇದ್ದಷ್ಟು ಹೊತ್ತು ಮಾತ್ರ. ಯಾವುದು ಒಳ್ಳೆಯದು ಎಂಬುದಕ್ಕೆ ಅರ್ಧ ಉತ್ತರ ನಿಮ್ಮ ಹಲ್ಲಿನಲ್ಲಿದೆ, ಉಳಿದರ್ಧ ನಿಮ್ಮ ದಿನಚರಿಯಲ್ಲಿದೆ.

ಮೊದಲ ಹೆಜ್ಜೆ: ಸರಿಯಾದ ವೈದ್ಯರು

ದಂತವೈದ್ಯರೆಲ್ಲರೂ ಬಿಡಿಎಸ್ ಓದಿರುತ್ತಾರೆ. ಹಲ್ಲಿನ ಸಾಲು ಮತ್ತು ದವಡೆ ಸರಿಪಡಿಸುವುದನ್ನೇ ಮತ್ತೆ 3 ವರ್ಷ ಓದಿ ಎಂಡಿಎಸ್ ಪಡೆದವರು ಆರ್ಥೊಡಾಂಟಿಸ್ಟ್. ಅವರನ್ನೇ ಕಾಣಿರಿ. ಈ ವಿಷಯದಲ್ಲಿ ಕರಾವಳಿಯವರಿಗೆ ಅನುಕೂಲ ಹೆಚ್ಚು. ಮಣಿಪಾಲದ ದಂತ ವೈದ್ಯಕೀಯ ಕಾಲೇಜು 1965ರಿಂದ ಇದೆ. ಅದೇ ಸಂಸ್ಥೆಯ ಮಂಗಳೂರಿನ ಕಾಲೇಜು 1987ರಲ್ಲಿ ಆರಂಭವಾಯಿತು. ಮಂಗಳೂರಿನ ಬಳಿಯ ದೇರಳಕಟ್ಟೆ ಒಂದರಲ್ಲೇ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ, ಎರಡು ದಂತ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ, ಕಾಯುವ ಹೊತ್ತು ಹೆಚ್ಚು.

ಮೊದಲ ಭೇಟಿಯಲ್ಲಿ ಮುಖದ ಮತ್ತು ಹಲ್ಲಿನ ಫೋಟೊ, ಎರಡೂ ದವಡೆ ಒಟ್ಟಿಗೆ ಕಾಣುವ ಒಪಿಜಿ ಎಕ್ಸ್‌ರೇ, ತಲೆಯನ್ನು ಪಕ್ಕದಿಂದ ತೆಗೆಯುವ ಇನ್ನೊಂದು ಎಕ್ಸ್‌ರೇ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ಆಗಬೇಕು. ಮೇಲಿನ ಹಲ್ಲು ಉಬ್ಬಿ ಕಾಣುತ್ತಿರುವುದು ಹಲ್ಲು ಮುಂದೆ ಬಂದದ್ದರಿಂದಲೋ, ಕೆಳದವಡೆ ಹಿಂದೆ ಉಳಿದದ್ದರಿಂದಲೋ ಎಂಬುದು ಕನ್ನಡಿಯಲ್ಲಿ ತಿಳಿಯುವುದಿಲ್ಲ. ಎಕ್ಸ್‌ರೇ ನೋಡುವ ಮೊದಲೇ ಅಲೈನರ್‌ನ ದರಪಟ್ಟಿ ಕೈಗಿಡುವ ಕಡೆಯಿಂದ ಎದ್ದು ಬನ್ನಿ.

ಮನೆಗೇ ಅಚ್ಚಿನ ಪೆಟ್ಟಿಗೆ ಕಳುಹಿಸಿ, ಬಾಯಿ ನೋಡದೆಯೇ ಅಲೈನರ್ ಮಾಡಿಕೊಡುವ ವ್ಯವಹಾರದ ಬಗ್ಗೆಯೂ ಒಂದು ಮಾತು. ಈ ಬಗೆಯ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ನಡುವೆ ಇದ್ದವರು ನಡುನೀರಿನಲ್ಲಿ ಉಳಿದರು. ಹಲ್ಲು ಸರಿಯುತ್ತಿರುವಾಗ ವಸಡು, ಬೇರು, ಕಚ್ಚುವಿಕೆ ಮೂರನ್ನೂ ಆಗಾಗ ಯಾರಾದರೂ ಕಣ್ಣಾರೆ ನೋಡುತ್ತಿರಬೇಕು.

ಎರಡನೇ ಹೆಜ್ಜೆ: ಹಲ್ಲು ಹೇಗೆ ಸರಿಯುತ್ತದೆ ಎಂದು ಅರಿಯಿರಿ

ಹಲ್ಲು ದವಡೆಯೆಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಸುತ್ತ ಇರುವ ತೆಳುವಾದ ನಾರಿನ ಪದರ ಅದನ್ನು ಹಿಡಿದುಕೊಂಡಿದೆ. ಒಂದು ಕಡೆಯಿಂದ ಹದವಾಗಿ ಒತ್ತುತ್ತಾ ಹೋದರೆ ಒತ್ತಡ ಬಿದ್ದ ಬದಿಯ ಎಲುಬು ಕರಗುತ್ತದೆ, ಖಾಲಿ ಬಿಟ್ಟ ಬದಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್‌ನಷ್ಟು ಸರಿಯುತ್ತದೆ. ಜೋರಾಗಿ ಒತ್ತಿದರೆ ಬೇಗ ಆಗುವುದಿಲ್ಲ, ಬೇರಿಗೆ ಪೆಟ್ಟು ಬೀಳುತ್ತದೆ ಅಷ್ಟೇ.

ಕ್ಲಿಪ್‌ನಲ್ಲಿ ಪ್ರತಿ ಹಲ್ಲಿಗೂ ಒಂದು ಬ್ರಾಕೆಟ್ ಅಂಟಿಸಿ ಅದರ ಸೀಳಿನಲ್ಲಿ ತಂತಿ ಹಾಯಿಸುತ್ತಾರೆ. ಆರಂಭದ ತಂತಿ ನಿಕಲ್ ಮತ್ತು ಟೈಟಾನಿಯಂ ಸೇರಿದ್ದು. ಸೊಟ್ಟ ಹಲ್ಲಿಗೆ ತಕ್ಕಂತೆ ಬಾಗಿಸಿ ಕಟ್ಟಿದರೂ ತನ್ನ ಮೂಲ ಕಮಾನಿನ ಆಕಾರಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ, ಆ ಎಳೆತದಲ್ಲಿ ಹಲ್ಲುಗಳು ಸಾಲಿಗೆ ಬರುತ್ತವೆ. ಕೃತಕ ಆಭರಣ ತೊಟ್ಟಾಗ ಕಿವಿ ತುರಿಸುವ ಹೆಣ್ಣುಮಕ್ಕಳು ಮೊದಲೇ ವೈದ್ಯರಿಗೆ ಹೇಳಬೇಕು, ನಿಕಲ್ ಆಗದವರಿಗೆ ಬೇರೆ ತಂತಿ ಇದೆ. ಬ್ರಾಕೆಟ್‌ಗಳಲ್ಲಿ ಲೋಹದವು ಅಗ್ಗ ಮತ್ತು ಗಟ್ಟಿ. ಹಲ್ಲಿನ ಬಣ್ಣದ ಸೆರಾಮಿಕ್ ಕಣ್ಣಿಗೆ ಕಡಿಮೆ ಬೀಳುತ್ತದೆ, ಆದರೆ ಅದರ ಮೇಲಿನ ಬಣ್ಣವಿಲ್ಲದ ರಬ್ಬರ್ ಬಳೆಗಳು ನಮ್ಮ ಅರಶಿನದ ಸಾರಿಗೆ ಎರಡೇ ದಿನದಲ್ಲಿ ಹಳದಿಯಾಗುತ್ತವೆ.

ಅಲೈನರ್ ಎಂದರೆ ಹಲ್ಲಿನ ಸಾಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಅಲೈನ್ ಟೆಕ್ನಾಲಜಿ ಕಂಪನಿ ಇನ್‌ವಿಸಲೈನ್ ಎಂಬ ಹೆಸರಿನಲ್ಲಿ ಇದನ್ನು ಜನಪ್ರಿಯಗೊಳಿಸಿತು. ಈಗ ಭಾರತದಲ್ಲೂ ಬೇರೆ ಬೇರೆ ಹೆಸರಿನ ಅಲೈನರ್ ತಯಾರಾಗುತ್ತದೆ. ಒಂದೊಂದು ಕವಚವೂ ಹಲ್ಲನ್ನು ಹೆಚ್ಚೆಂದರೆ ಕಾಲು ಮಿಲಿಮೀಟರ್‌ನಷ್ಟು ಸರಿಸುವಂತೆ ರೂಪಿಸಿರುತ್ತಾರೆ. ವಾರಕ್ಕೋ ಎರಡು ವಾರಕ್ಕೋ ಮುಂದಿನದಕ್ಕೆ ಬದಲಾಯಿಸಬೇಕು. ಕವಚಕ್ಕೆ ಹಿಡಿತ ಸಿಗಲೆಂದು ಕೆಲವು ಹಲ್ಲುಗಳ ಮೇಲೆ ಹಲ್ಲಿನದೇ ಬಣ್ಣದ ಪುಟ್ಟ ಉಬ್ಬುಗಳನ್ನು ಅಂಟಿಸುತ್ತಾರೆ. ಜಾಹೀರಾತಿನ ನಗುಮುಖಗಳಲ್ಲಿ ಅವು ಕಾಣುವುದಿಲ್ಲ, ನನ್ನ ಕೋರೆಹಲ್ಲಿನ ಮೇಲೆ ಎರಡಿದ್ದವು.

ಮೂರನೇ ಹೆಜ್ಜೆ: ನಿಮ್ಮ ತೊಂದರೆ ಯಾವ ಬಗೆಯದು

ಇದು ವೈದ್ಯರು ಹೇಳಬೇಕಾದ ಮಾತು. ಆದರೂ ಅವರ ಮುಂದೆ ಕೂರುವಾಗ ನಿಮಗೆ ಸ್ವಲ್ಪ ಅಂದಾಜು ಇರಲಿ. ಸಣ್ಣಪುಟ್ಟ ಇಕ್ಕಟ್ಟು, ಹಲ್ಲಿನ ನಡುವಣ ಸಂದು, ಹಿಂದೆ ಕ್ಲಿಪ್ ಹಾಕಿಸಿ ಮತ್ತೆ ಸೊಟ್ಟಗಾದ ಹಲ್ಲು, ಇಂಥವಕ್ಕೆ ಅಲೈನರ್ ಚೆನ್ನಾಗಿ ಒದಗುತ್ತದೆ. ಬಹಳ ತಿರುಚಿಕೊಂಡ ಕೋರೆಹಲ್ಲು, ವಸಡಿನೊಳಗೇ ಸಿಕ್ಕಿಕೊಂಡ ಹಲ್ಲು, ಕೆಳಕ್ಕೆ ಎಳೆದು ತರಬೇಕಾದ ಹಲ್ಲು, ನಾಲ್ಕು ಹಲ್ಲು ಕಿತ್ತು ಆ ಜಾಗ ಮುಚ್ಚಬೇಕಾದ ಸಂದರ್ಭ, ಇವುಗಳಲ್ಲಿ ತಂತಿಯ ಹಿಡಿತವೇ ಹೆಚ್ಚು ನಂಬಿಕೆಯದು. ಪಳಗಿದ ವೈದ್ಯರು ಅಲೈನರ್‌ನಲ್ಲೂ ಇಂಥ ಕೆಲವನ್ನು ಮಾಡುತ್ತಾರೆ. 'ಅಲೈನರ್‌ನಲ್ಲಿ ಆಗುತ್ತದೆಯೇ?' ಎಂದು ಕೇಳುವ ಬದಲು 'ಅಲೈನರ್‌ನಲ್ಲಿ ಎಷ್ಟು ಆಗದೆ ಉಳಿಯಬಹುದು?' ಎಂದು ಕೇಳಿ. ನನ್ನ ವೈದ್ಯೆ ಆ ಪ್ರಶ್ನೆಗೆ ಒಂದು ಹಲ್ಲನ್ನು ಬೆರಳಿಟ್ಟು ತೋರಿಸಿ, 'ಇದು ಪೂರ್ತಿ ತಿರುಗದೆ ಇರಬಹುದು' ಎಂದರು. ಆಮೇಲೆಯೇ ನಾನು ಹೂಂ ಎಂದದ್ದು.

ಮಕ್ಕಳನ್ನು 7 ವರ್ಷದ ಹೊತ್ತಿಗೆ ಒಮ್ಮೆ ತೋರಿಸಿ. ಆಗಲೇ ಕ್ಲಿಪ್ ಬೀಳುತ್ತದೆಂದು ಹೆದರಬೇಡಿ. ಬೆರಳು ಚೀಪುವುದು, ಬಾಯಲ್ಲಿ ಉಸಿರಾಡುವುದು, ದವಡೆಯ ಬೆಳವಣಿಗೆಯ ಏರುಪೇರು ಬೇಗ ತಿಳಿದರೆ ಒಳ್ಳೆಯದು. ದೊಡ್ಡವರಿಗೆ ವಯಸ್ಸು ಅಡ್ಡಿಯಲ್ಲ, ವಸಡಿನ ಕಾಯಿಲೆ ಅಡ್ಡಿ. ವಸಡಿನಿಂದ ರಕ್ತ ಬರುತ್ತಿದ್ದರೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು. ಎಲುಬು ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಪ್ಪದೆ ಹೇಳಬೇಕು.

ನಾಲ್ಕನೇ ಹೆಜ್ಜೆ: ಒಂದು ವಾರ ಗಡಿಯಾರ ಹಿಡಿದು ಕೂರಿ

ಇದನ್ನು ಯಾರೂ ಬಿಡಬಾರದು. ಅಲೈನರ್ ದಿನಕ್ಕೆ 22 ಗಂಟೆ ಬಾಯಲ್ಲಿರಬೇಕು. ಉಳಿಯುವುದು 2 ಗಂಟೆ, ಅಂದರೆ 120 ನಿಮಿಷ. ನೀರು ಬಿಟ್ಟು ಬೇರೇನು ತಿನ್ನುವುದಿದ್ದರೂ ಕುಡಿಯುವುದಿದ್ದರೂ ಅದನ್ನು ತೆಗೆಯಬೇಕು. ಬೊಂಡ (ಎಳನೀರು) ಕುಡಿಯುವಾಗಲೂ ತೆಗೆಯಬೇಕು, ಇಲ್ಲದಿದ್ದರೆ ಅದರ ಸಿಹಿ ಕವಚದೊಳಗೆ ನಿಂತು ಹಲ್ಲು ಹುಳುಕಾಗುತ್ತದೆ. ಹಣ ಕಟ್ಟುವ ಮೊದಲು ಒಂದು ವಾರ ಚೀಟಿಯಲ್ಲಿ ಬರೆಯಿರಿ. ನನ್ನ ಚೀಟಿ ಹೀಗಿತ್ತು: ಬೆಳಗಿನ ತಿಂಡಿ 25 ನಿಮಿಷ, ಹತ್ತು ಗಂಟೆಯ ಚಾ 15, ಊಟ 30, ಸಂಜೆಯ ಚಾ ಮತ್ತು ಬನ್ಸ್ 20, ರಾತ್ರಿಯೂಟ 30. ಕೂಡಿದರೆ ಸರಿಯಾಗಿ 120. ಪ್ರತಿ ಸಲ ಹಲ್ಲುಜ್ಜುವ ಹೊತ್ತು ಇದರಲ್ಲಿ ಸೇರಿಲ್ಲ. ನಾನು ಹತ್ತು ಗಂಟೆಯ ಚಾ ಬಿಟ್ಟೆ. ಅದು ಸಾಧ್ಯವಾಗದಿದ್ದರೆ ಅಲೈನರ್ ಬೇಡವೆಂದೇ ತೀರ್ಮಾನಿಸುತ್ತಿದ್ದೆ.

ಇನ್ನೊಂದು ಅಪಾಯ ಕಳೆದುಕೊಳ್ಳುವುದು. ಮದುವೆಯೊಂದರಲ್ಲಿ ಊಟಕ್ಕೆ ಕೂರುವಾಗ ಅಲೈನರ್ ತೆಗೆದು ಕಾಗದದ ಕರವಸ್ತ್ರದಲ್ಲಿ ಸುತ್ತಿ ಬಾಳೆಲೆಯ ಪಕ್ಕಕ್ಕೆ ಇಟ್ಟಿದ್ದೆ. ಪಾಯಸ, ಮಜ್ಜಿಗೆ ಆಯಿತು. ಎಲೆ ಮಡಚಿ ಎದ್ದೆ, ಕಾಗದವೂ ಎಲೆಯೊಂದಿಗೆ ಹೋಯಿತು. ಕೈತೊಳೆಯುವ ನಲ್ಲಿಯ ಬಳಿ ನೆನಪಾಗಿ ಓಡಿ ಬಂದಾಗ ಪಂಕ್ತಿಯ ಎಲೆಗಳೆಲ್ಲ ಬುಟ್ಟಿ ಸೇರಿದ್ದವು. ವೈದ್ಯೆಗೆ ಫೋನ್ ಮಾಡಿದರೆ, 'ಹಿಂದಿನ ಸೆಟ್ ಇದೆಯಲ್ಲ, ಈಗಲೇ ಅದನ್ನು ಹಾಕಿಕೊಳ್ಳಿ, ನಾಳೆ ಬನ್ನಿ' ಎಂದರು. ಹಾಗಾಗಿ ಹಳೆಯ ಸೆಟ್ಟನ್ನು ಎಂದೂ ಎಸೆಯಬೇಡಿ. ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿಸಿನೀರಿನಲ್ಲಿ ತೊಳೆದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ತಣ್ಣೀರೇ ಸರಿ.

ಕ್ಲಿಪ್‌ಗೆ ಈ ಲೆಕ್ಕ ಬೇಡ, ಆದರೆ ಊಟದ ಕಟ್ಟುಪಾಡು ಇದೆ. ಚಕ್ಕುಲಿ, ನೆಲಗಡಲೆ, ಕಬ್ಬು, ಎಲುಬು ಕಡಿಯುವುದು ಬೇಡ. ಕೋರಿ ರೊಟ್ಟಿ ಬೇಕೇ ಬೇಕೆಂದರೆ ಸಾರಿನಲ್ಲಿ ಪೂರ್ತಿ ನೆನೆದು ಮೆತ್ತಗಾಗುವ ತನಕ ಕಾಯಬೇಕು. ತಂತಿ ಬಿಗಿಗೊಳಿಸಿದ ಎರಡು ಮೂರು ದಿನ ಹಲ್ಲು ನೋಯುತ್ತದೆ. ಆಗ ನಮ್ಮ ಕುಚ್ಚಲಕ್ಕಿ ಗಂಜಿಗಿಂತ ಒಳ್ಳೆಯ ಊಟ ಇನ್ನೊಂದಿಲ್ಲ. ಉಜ್ಜುವುದಕ್ಕೆ ಸಾಮಾನ್ಯ ಬ್ರಷ್ ಸಾಲದು. ತಂತಿಯ ಕೆಳಗೆ ತೂರಿಸುವ ಸಣ್ಣ ಬ್ರಷ್ ಬೇಕು. ಅಸಡ್ಡೆ ಮಾಡಿದರೆ ಕ್ಲಿಪ್ ತೆಗೆದ ದಿನ ಬ್ರಾಕೆಟ್ ಇದ್ದ ಜಾಗದ ಸುತ್ತ ಬಿಳಿ ಕಲೆ ಉಳಿದಿರುತ್ತದೆ. ಮಗಳಿಗೆ ಒಂದು ರಾತ್ರಿ ಹಿಂದಿನ ತಂತಿಯ ತುದಿ ಕೆನ್ನೆಗೆ ಚುಚ್ಚಿ ನಿದ್ದೆ ಬರಲಿಲ್ಲ. ಕ್ಲಿನಿಕ್‌ನಲ್ಲಿ ಕೊಟ್ಟಿದ್ದ ಮೇಣವನ್ನು ಅಕ್ಕಿಕಾಳಿನಷ್ಟು ಉಂಡೆ ಮಾಡಿ ತುದಿಗೆ ಒತ್ತಿದೆ, ಹತ್ತು ನಿಮಿಷದಲ್ಲಿ ನಿದ್ದೆ ಹೋದಳು.

ಐದನೇ ಹೆಜ್ಜೆ: ಎಲ್ಲಿ ಇರುತ್ತೀರಿ, ಏನು ಮಾಡುತ್ತೀರಿ

ಕ್ಲಿಪ್ ಹಾಕಿದವರು 4ರಿಂದ 6 ವಾರಕ್ಕೊಮ್ಮೆ ಕ್ಲಿನಿಕ್‌ಗೆ ಬರಬೇಕು. ಅಲೈನರ್‌ನವರಿಗೆ ಹಲವು ಸೆಟ್ ಒಟ್ಟಿಗೆ ಕೊಟ್ಟು ಕಳುಹಿಸಬಹುದು. ನಡುವೆ ಗಲ್ಫ್‌ಗೆ ಹೊರಡುವ ಸಾಧ್ಯತೆ ಇರುವವರು, ಹಡಗಿನ ಕೆಲಸದವರು ಇದನ್ನು ಮೊದಲೇ ತೂಗಿ ನೋಡಬೇಕು. ನಮ್ಮ ಕಡೆ ಸ್ಯಾಕ್ಸೋಫೋನ್ ಕಲಿಯುವ ಮಕ್ಕಳಿದ್ದಾರೆ. ಅದನ್ನು ನುಡಿಸುವಾಗ ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಒತ್ತಿ ಹಿಡಿಯಬೇಕು, ಬ್ರಾಕೆಟ್ ಇದ್ದರೆ ಒಳತುಟಿ ಗಾಯವಾಗುತ್ತದೆ. ಅಂಥವರು ತಮ್ಮ ಗುರುಗಳ ಬಳಿಯೂ ಮಾತಾಡಿ ತೀರ್ಮಾನಿಸಲಿ.

ಖರ್ಚಿನಲ್ಲಿ ಲೋಹದ ಕ್ಲಿಪ್ ಕಡಿಮೆ, ಸೆರಾಮಿಕ್ ಅದಕ್ಕಿಂತ ಮೇಲೆ, ಅಲೈನರ್ ಸಾಮಾನ್ಯವಾಗಿ ಇವೆರಡಕ್ಕಿಂತ ದುಬಾರಿ. ಒಟ್ಟು ಮೊತ್ತದಲ್ಲಿ ಎಕ್ಸ್‌ರೇ, ಕೊನೆಯಲ್ಲಿ ಬೇಕಾಗುವ ಹೆಚ್ಚುವರಿ ಅಲೈನರ್‌ಗಳು, ರಿಟೇನರ್ (ಚಿಕಿತ್ಸೆ ಮುಗಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ತಂತಿ ಅಥವಾ ಕವಚ) ಸೇರಿವೆಯೇ ಎಂದು ಬರಹದಲ್ಲಿ ಪಡೆಯಿರಿ. ದರ ಕಡಿಮೆ ಎಂದು ಬೀಗುವ ಕಡೆ ಬಿಟ್ಟುಹೋಗಿರುವುದು ಸಾಮಾನ್ಯವಾಗಿ ಈ ಮೂರೇ.

ಕೊನೆಯ ಹೆಜ್ಜೆ: ರಿಟೇನರ್

ಎರಡರಲ್ಲಿ ಯಾವುದನ್ನು ಆರಿಸಿದರೂ ಇದು ತಪ್ಪುವುದಿಲ್ಲ. ಹೊಸ ಜಾಗದಲ್ಲಿ ಎಲುಬು ಗಟ್ಟಿಯಾಗುವ ತನಕ ಹಲ್ಲು ಹಳೆಯ ಕಡೆಗೆ ಮರಳುತ್ತದೆ. ಅದಾದ ಮೇಲೂ ವಯಸ್ಸಿನೊಂದಿಗೆ ನಿಧಾನವಾಗಿ ಸರಿಯುವುದುಂಟು. ಮಗಳ ಕೆಳಹಲ್ಲಿನ ಹಿಂಬದಿಗೆ ತೆಳುವಾದ ತಂತಿಯೊಂದನ್ನು ಅಂಟಿಸಿದ್ದಾರೆ. ನಾನು ರಾತ್ರಿ ಹಾಕಿಕೊಳ್ಳುವ ಪಾರದರ್ಶಕ ರಿಟೇನರ್ ಬಳಸುತ್ತೇನೆ. ಕಳೆದ ಮಳೆಗಾಲದಲ್ಲಿ ಅವಳ ತಂತಿ ಒಂದು ಹಲ್ಲಿನಿಂದ ಬಿಟ್ಟುಕೊಂಡಿತ್ತು. ನೋವಿಲ್ಲವೆಂದು ಮೂರು ವಾರ ಸುಮ್ಮನಿದ್ದಳು, ಅಷ್ಟರಲ್ಲೇ ಆ ಹಲ್ಲು ಒಂದು ಕೂದಲೆಳೆಯಷ್ಟು ಮುಂದೆ ಬಂದಿತ್ತು. ನಾಲಗೆಗೆ ತಂತಿ ಒರಟಾಗಿ ತಾಗಿದರೆ, ಅಥವಾ ರಾತ್ರಿಯ ರಿಟೇನರ್ ಎಂದಿಗಿಂತ ಬಿಗಿ ಎನಿಸಿದರೆ, ಅದೇ ವಾರ ವೈದ್ಯರಿಗೆ ತೋರಿಸಿ.